ಪ್ಲಾಸ್ಟರ್ ಬೊಂಬೆಯ ಕಸುಬು ಮತ್ತು ನಮ್ಮೂರ ಕೆರೆ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ಬೆಳೆಗೆ ಬೀಳುವ ಹುಳು, ಇವುಗಳ ಮಾತನ್ನು ನನ್ನಿಂದ ತಾವು ಅನೇಕ ಸಲ ಕೇಳಿದ್ದೀರಿ. ಈ ದಿನ ಬೊಂಬೆ ಮಾಡುವ ಮನೆತನಗಳ ವಿಷಯವನ್ನು ಹೇಳಬೇಕೆಂದಿದ್ದೇನೆ. ಬೇಸಾಯಗಾರರಿಗೆ ಬೊಂಬೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಮೂರು ಕಾರಣಗಳುಂಟು. ಪಟ್ಟಣದಲ್ಲಿ ಬೊಂಬೆ ಮಾಡುವ ಪುಡಿಯೂ ತಾವು ಹೊಲಕ್ಕೆ ಹಾಕುವ ಜಿಪ್ಸಮ್ಮೂ ಒಂದೇ ಕಲ್ಲಿನಿಂದ ಬಂದವು. ಆ ಬೊಂಬೆಗಳಲ್ಲಿ ಹಲವು ಕೊನೆಗೆ ಬಂದು ಬೀಳುವುದು ನಮ್ಮ ಕೆರೆಗೆ. ಮೂರನೆಯದಾಗಿ, ಆ ಕಸುಬಿನ ಏಳುಬೀಳು ನಮ್ಮೂರ ಕುಂಬಾರರ ಮನೆಯ ಒಲೆಗೆ ಸಂಬಂಧಪಟ್ಟಿದೆ.

ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಬಾಪೂಜಿ ನಗರ ಹೊಸದೇನಲ್ಲ. ಗಾಳಿ ಆಂಜನೇಯಸ್ವಾಮಿ ಗುಡಿಗೆ ಕೈಮುಗಿದು ಮುಂದೆ ಬರುವುದು ಅನೇಕರ ರೂಢಿ. ಅದೇ ರಸ್ತೆಯ ಬದಿಯಲ್ಲಿ ವೃಷಭಾವತಿ ಹರಿಯುತ್ತದೆ. ಬಸವನಗುಡಿಯ ಕಡೆ ಹುಟ್ಟಿದ ಈ ಹೊಳೆ ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರದ ಭೈರಮಂಗಲ ಕೆರೆಗೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಮುಟ್ಟುತ್ತದೆ. ಪಟ್ಟಣದವರು ನೀರಿಗೆ ಹಾಕಿದ್ದು ಹಳ್ಳಿಯ ಗದ್ದೆಗೆ ಬರುತ್ತದೆಂಬುದನ್ನು ಭೈರಮಂಗಲದ ಅಚ್ಚುಕಟ್ಟಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹೊಳೆ ಕೆಟ್ಟಿರುವುದಕ್ಕೆ ಮುಖ್ಯ ಕಾರಣ ಪಟ್ಟಣದ ಚರಂಡಿ ಮತ್ತು ಕಾರ್ಖಾನೆಗಳ ಕೊಳೆನೀರು. ಬೊಂಬೆಯೊಂದರ ಮೇಲೆಯೇ ದೋಷವನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಆದರೆ ಹಳ್ಳಿಯ ಕೆರೆಗೆ ಕಾರ್ಖಾನೆಯ ನೀರು ಬಾರದಿದ್ದರೂ ಹಬ್ಬದ ಮೂರ್ತಿ ಬರುತ್ತದೆ. ಅದು ನಮ್ಮ ಕೈಯಲ್ಲಿರುವ ಸಂಗತಿ. ಆದುದರಿಂದ ಅದನ್ನು ಮಾತನಾಡೋಣ.

ಮೊದಲು ಈ ಪುಡಿ ಯಾವುದೆಂದು ತಿಳಿಯೋಣ. ಜಿಪ್ಸಂ ಎಂಬುದು ನೆಲದಿಂದ ಅಗೆದು ತೆಗೆಯುವ ಮೆತ್ತನೆಯ ಕಲ್ಲು. ನಮ್ಮ ದೇಶದಲ್ಲಿ ಇದು ಅತಿ ಹೆಚ್ಚಾಗಿ ಸಿಗುವುದು ರಾಜಸ್ಥಾನದಲ್ಲಿ. ಕಡಲೆಕಾಯಿ ಬೆಳೆಯುವವರು ಹೂ ಬಿಟ್ಟು ಕಾಯಿ ಕಚ್ಚುವ ಕಾಲದಲ್ಲಿ ಎಕರೆಗೆ ಸುಮಾರು ೨೦೦ ಕಿಲೋ ಹಾಕುತ್ತಾರೆ. ಕರಲು ಭೂಮಿಯನ್ನು ತಿದ್ದುವುದಕ್ಕೂ ಇದನ್ನೇ ಹಾಕುವುದು. ಈ ಕಲ್ಲಿನ ಒಳಗೆ ನೀರು ಅಡಗಿದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತೇವ ಹತ್ತುವುದಿಲ್ಲ, ಆದರೂ ತೂಕದಲ್ಲಿ ಐದರಲ್ಲಿ ಒಂದು ಪಾಲು ನೀರೇ. ಕಲ್ಲನ್ನು ಪುಡಿಮಾಡಿ ಸುಮಾರು ೧೫೦ ಡಿಗ್ರಿ ಶಾಖದಲ್ಲಿ ಹುರಿದರೆ ಆ ನೀರಿನ ಮುಕ್ಕಾಲು ಭಾಗ ಆವಿಯಾಗಿ ಹೋಗುತ್ತದೆ. ೧೦೦ ಕಿಲೋ ಜಿಪ್ಸಂ ಹುರಿದರೆ ಸುಮಾರು ೮೪ ಕಿಲೋ ಬಿಳಿಯ ಪುಡಿ ಉಳಿಯುತ್ತದೆ. ಇದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಇದನ್ನು ನೀರಿನಲ್ಲಿ ಕಲಸಿದರೆ ಕಳೆದುಕೊಂಡ ನೀರನ್ನು ಮತ್ತೆ ಹಿಡಿದುಕೊಳ್ಳುತ್ತದೆ, ಮುಟ್ಟಿದರೆ ಬಿಸಿಯಾಗಿರುತ್ತದೆ, ಹತ್ತು ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗಿ ಪುನಃ ಕಲ್ಲೇ ಆಗುತ್ತದೆ. ಮುರಿದ ಕೈಕಾಲಿಗೆ ಆಸ್ಪತ್ರೆಯಲ್ಲಿ ಹಾಕುವ ಕಟ್ಟು ಇದರದೇ.

ಪ್ಯಾರಿಸ್ ನಗರದ ಮೊಂಮಾರ್ತ್ರ್ ಗುಡ್ಡದಲ್ಲಿ ಹಿಂದೆ ಈ ಕಲ್ಲಿನ ದೊಡ್ಡ ಗಣಿಗಳಿದ್ದವು. ಆದುದರಿಂದ ಪುಡಿಗೆ ಆ ಊರಿನ ಹೆಸರು ಬಂತು. ಆದರೆ ಇದರಿಂದ ಬೊಂಬೆ ಎರಕ ಹೊಯ್ದು ದೇಶದೇಶಕ್ಕೆ ಹೊತ್ತು ಮಾರಿದವರು ಇಟಲಿ ದೇಶದ ಲುಕ್ಕಾ ಎಂಬ ಊರಿನ ಸುತ್ತಲಿನ ಬೆಟ್ಟದ ಹಳ್ಳಿಗಳವರು. ನೆಲ ಕಡಿಮೆ, ಬೆಳೆ ಸಾಲದು, ಮನೆಯಲ್ಲಿ ಬಾಯಿ ಹೆಚ್ಚು. ಹೀಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಗಂಡಸರೂ ಹುಡುಗರೂ ಗುಂಪು ಕಟ್ಟಿಕೊಂಡು, ಅಚ್ಚುಗಳನ್ನು ಗಂಟುಕಟ್ಟಿ, ಇಂಗ್ಲೆಂಡು, ಅಮೆರಿಕಗಳವರೆಗೂ ಹೋದರು. ಹೋದ ಊರಿನಲ್ಲಿ ಪುಡಿ ಕೊಂಡು, ರಾತ್ರಿ ಎರಕ ಹೊಯ್ದು, ಹಗಲು ತಲೆಯ ಮೇಲೆ ಹಲಗೆ ಹೊತ್ತು ಬೀದಿಯಲ್ಲಿ ಮಾರಿದರು. ಆ ಸೀಮೆಯ ಕೊರೆಲ್ಯಾ ಎಂಬ ಊರಿನಲ್ಲಿ ಈಗ ಈ ಬೊಂಬೆಗಾರರ ನೆನಪಿಗೆ ಒಂದು ವಸ್ತುಸಂಗ್ರಹಾಲಯವೇ ಇದೆ.

ಅವರಲ್ಲಿ ಕೆಲವರು ದೊಡ್ಡ ಅಂಗಡಿ ಇಟ್ಟರು. ೧೮೧೫ರಲ್ಲಿ ಹುಟ್ಟಿದ ಡೊಮೆನಿಕೊ ಬ್ರುಚಾನಿ ಎಂಬವನು ಲಂಡನ್ನಿನಲ್ಲಿ ಹೆಸರು ಮಾಡಿ, ಅಲ್ಲಿನ ಸಂಗ್ರಹಾಲಯಗಳಿಗೂ ಚಿತ್ರಕಲಾ ಶಾಲೆಗಳಿಗೂ ಹಳೆಯ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳನ್ನು ಒದಗಿಸಿದನು. ೧೮೮೦ರಲ್ಲಿ ಅವನು ತೀರಿಕೊಂಡ ಮೇಲೂ ಅಂಗಡಿ ಅವನ ಹೆಸರಿನಲ್ಲಿಯೇ ನಡೆಯಿತು. ಅಮೆರಿಕದ ಬಾಸ್ಟನ್ನಿನಲ್ಲಿ ಕಪ್ರೋನಿ ಎಂಬ ಅಣ್ಣತಮ್ಮಂದಿರು ೧೮೯೦ರ ದಶಕದಲ್ಲಿ ಇದೇ ವ್ಯಾಪಾರವನ್ನು ಕೈಗೆ ತೆಗೆದುಕೊಂಡು ಶಾಲೆ, ಪುಸ್ತಕಭಂಡಾರಗಳಿಗೆಲ್ಲ ಮೂರ್ತಿ ಕಳುಹಿಸಿದರು. ಕೆಲವು ಕಾಲದ ಮೇಲೆ ಜನರ ರುಚಿ ಬದಲಾಯಿತು. ಪ್ರತಿಗಳು ಬೇಡ, ಮೂಲವೇ ಬೇಕು ಎಂದರು. ಲಂಡನ್ನಿನ ಅಂಗಡಿ ನಿಂತುಹೋಗುವ ಸ್ಥಿತಿಗೆ ಬಂದಾಗ ೧೯೨೨ರಲ್ಲಿ ಸರ್ಕಾರವೇ ವಹಿಸಿಕೊಂಡಿತು. ೧೯೫೧ರಲ್ಲಿ ಅದೂ ಮುಚ್ಚಿತು. ಕಪ್ರೋನಿ ಅಣ್ಣತಮ್ಮಂದಿರ ಅಚ್ಚುಗಳು ಮಾತ್ರ ಕೈಯಿಂದ ಕೈಗೆ ದಾಟಿ ಈ ಶತಮಾನದಲ್ಲಿಯೂ ಎರಕಕ್ಕೆ ಬಳಕೆಯಾಗಿವೆ.

ಇದರಿಂದ ತಿಳಿಯುವುದೇನು? ಬೊಂಬೆಗಾರನ ಆಸ್ತಿ ಎರಡು: ಒಂದು ಅಚ್ಚು, ಇನ್ನೊಂದು ಅಚ್ಚಿಗೆ ಮೂಲವಾದ ಬೊಂಬೆಯನ್ನು ಮಾಡಬಲ್ಲ ಕೈ. ಅಚ್ಚು ನೂರು ವರ್ಷ ಬಾಳಬಹುದು. ಆದರೆ ಕೊಳ್ಳುವವರ ಮನಸ್ಸು ತಿರುಗಿದ ದಿನ ಹಳೆಯ ಅಚ್ಚು ಅನ್ನ ಹಾಕುವುದಿಲ್ಲ. ಹೊಸ ಕಾಲಕ್ಕೆ ತಕ್ಕಂತೆ ಇನ್ನೊಂದು ಬೊಂಬೆ ತಿದ್ದುವ ಕೈ ಇದ್ದರೆ ಮನೆತನ ಉಳಿಯುತ್ತದೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಮಣ್ಣಿನ ಕೈ ಇದ್ದವರು ಕುಂಬಾರರು. ಮಡಕೆ, ಕುಡಿಕೆ, ಹಣತೆಗಳ ಜೊತೆಗೆ ಗೌರಿ ಗಣೇಶನನ್ನೂ ಮಾಡಿಕೊಡುವುದು ಅವರ ವಾಡಿಕೆ. ಬೆಂಗಳೂರಿನಲ್ಲಿ ಫ್ರೇಜರ್ ಟೌನಿನ ಹತ್ತಿರ ಪಾಟರಿ ಟೌನ್ ಎಂಬ ಕುಂಬಾರರ ಕೇರಿಯೇ ಇದೆ. ಮಾವಳ್ಳಿ, ಆರ್.ವಿ. ರಸ್ತೆಗಳಲ್ಲಿ ಹಬ್ಬದ ಮುಂಚೆ ಮೂರ್ತಿಗಳ ಸಾಲು ನಿಲ್ಲುತ್ತದೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಪಾತ್ರೆಗಳು ಬಂದು ಮಡಕೆಯ ಮಾರಾಟ ಇಳಿದಾಗ ಇಂಥ ಮನೆಗಳನ್ನು ಕಾಪಾಡಿದ್ದು ಬಹುಮಟ್ಟಿಗೆ ಹಣತೆ ಮತ್ತು ಮೂರ್ತಿ. ಸಾರ್ವಜನಿಕ ಗಣೇಶೋತ್ಸವವನ್ನು ೧೮೯೩ರಲ್ಲಿ ಪುಣೆಯಲ್ಲಿ ಲೋಕಮಾನ್ಯ ತಿಲಕರು ಬೆಳೆಸಿದರು. ಬರಬರುತ್ತ ಅದು ನಮ್ಮ ಪಟ್ಟಣಗಳಿಗೂ ಹಳ್ಳಿಗಳಿಗೂ ಬಂತು. ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ಆಳೆತ್ತರದ ಮೂರ್ತಿ.

ಪ್ಲಾಸ್ಟರಿಗೆ ಇಲ್ಲಿ ದಾರಿಯಾಯಿತು. ಮಣ್ಣಿನ ಮೂರ್ತಿಯ ಕಷ್ಟವನ್ನು ಯೋಚಿಸಿರಿ. ಮಣ್ಣು ತರಬೇಕು, ನೆನೆಸಬೇಕು, ತುಳಿಯಬೇಕು. ಮೂರ್ತಿಯನ್ನು ನೆರಳಿನಲ್ಲಿ ದಿನಗಟ್ಟಲೆ, ದೊಡ್ಡದಾದರೆ ವಾರಗಟ್ಟಲೆ ಒಣಗಿಸಬೇಕು. ಹಬ್ಬ ಬರುವುದು ಭಾದ್ರಪದದಲ್ಲಿ, ಅಂದರೆ ಮಳೆಗಾಲದ ನಡುವೆ. ಗಾಳಿಯಲ್ಲಿ ತೇವ, ಮೂರ್ತಿಯಲ್ಲಿ ಬಿರುಕು. ಪ್ಲಾಸ್ಟರಾದರೋ ಅಚ್ಚಿಗೆ ಹೊಯ್ದು, ಒಳಗೆ ತೆಂಗಿನ ನಾರು ಹಾಸಿ, ಪೊಳ್ಳಾಗಿ ಎರಕ ತೆಗೆದರೆ ಒಂದೇ ದಿನದಲ್ಲಿ ಒಂದೇ ಅಚ್ಚಿನಿಂದ ಎಷ್ಟೋ ಮೂರ್ತಿ. ಎತ್ತರ ಹೆಚ್ಚು, ಭಾರ ಕಡಿಮೆ, ಮೈ ನುಣುಪು, ಬಣ್ಣ ಹೊಳಪು. ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಒಬ್ಬರು ಪುಡಿ ಕಲಸಿದರೆ ಇನ್ನೊಬ್ಬರು ಅಚ್ಚು ಬಿಡಿಸುವರು. ಮತ್ತೊಬ್ಬರು ಅಂಚು ಉಜ್ಜಿ ಬಣ್ಣ ಹಚ್ಚುವರು. ಕೊನೆಗೆ ಕಣ್ಣು ಬರೆಯುವುದು ಕೈ ನಡುಗದ ಹಿರಿಯರದು. ಹೊಟ್ಟೆಯ ಪಾಡಿಗೆ ಇದನ್ನು ಹಿಡಿದವರನ್ನು ನಾವು ಬೈಯಬಾರದು. ಕಡಿಮೆ ಬೆಲೆಗೆ ಎತ್ತರದ ಮೂರ್ತಿ ಬೇಕೆಂದು ಕೇಳಿದವರು ಕೊಳ್ಳುವವರಾದ ನಾವೇ.

ತೊಂದರೆ ಎಲ್ಲಿ? ಮನೆಯ ಗೂಡಿನಲ್ಲಿ ಇಡುವ ಬೊಂಬೆಯಲ್ಲಿ ತೊಂದರೆಯಿಲ್ಲ. ನೀರಿಗೆ ಬಿಡುವ ಮೂರ್ತಿಯಲ್ಲಿ ಇದೆ. ಜಿಪ್ಸಂ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಲೀಟರಿಗೆ ಎರಡು ಎರಡೂವರೆ ಗ್ರಾಂ ಮಾತ್ರ. ಹತ್ತು ಕಿಲೋ ತೂಕದ ಮೂರ್ತಿ ಪೂರ್ತಿ ಕರಗಬೇಕಾದರೆ ಕಡಿಮೆಯೆಂದರೂ ೪,೦೦೦ ಲೀಟರ್ ನೀರು ಬೇಕು. ಮೇಲೆ ಎಣ್ಣೆಬಣ್ಣದ ಲೇಪವಿದ್ದರೆ ನೀರು ಒಳಗೆ ಹೋಗುವುದೇ ಇಲ್ಲ. ಹೀಗಾಗಿ ಮೂರ್ತಿ ಕೆರೆಯ ತಳದಲ್ಲಿ ತುಂಡುತುಂಡಾಗಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಕರಗಿದಷ್ಟು ಭಾಗ ನೀರನ್ನು ಗಡುಸು ಮಾಡುತ್ತದೆ. ಅಗ್ಗದ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಮೊದಲಾದ ವಿಷದ ಲೋಹಗಳಿರುವುದುಂಟು. ಅವು ಹೂಳಿನಲ್ಲಿ ಸೇರುತ್ತವೆ.

ಇಲ್ಲಿ ತಾವು ಸ್ವಲ್ಪ ಗಮನವಿಡಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವವರು ತಾವು. ಗೋಡು ಒಳ್ಳೆಯ ಗೊಬ್ಬರ, ಮರಳುಭೂಮಿಗೆ ತೇವ ಹಿಡಿಯುವ ಶಕ್ತಿ ಕೊಡುತ್ತದೆ. ಆದರೆ ಮೂರ್ತಿ ಬಿಟ್ಟ ಮೂಲೆಯ ಗೋಡಿನೊಂದಿಗೆ ಬಣ್ಣದ ಸೀಸವೂ ಹೊಲಕ್ಕೆ ಹೋಗುತ್ತದೆ. ಹೊಲಕ್ಕೆ ಸೇರಿದ ಸೀಸವನ್ನು ಹೊರಗೆ ತೆಗೆಯುವ ಉಪಾಯ ಸಾಮಾನ್ಯ ರೈತನ ಕೈಯಲ್ಲಿಲ್ಲ. ಇನ್ನೊಂದು ಎಚ್ಚರಿಕೆ: ಜಿಪ್ಸಮ್ಮೇ ತಾನೆ ಎಂದು ಹಳೆಯ ಬಣ್ಣದ ಮೂರ್ತಿಯನ್ನು ಕುಟ್ಟಿ ಕಡಲೆಕಾಯಿ ಹೊಲಕ್ಕೆ ಎಂದಿಗೂ ಹಾಕಬೇಡಿರಿ.

ಈ ಕಾರಣಗಳಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೧೦ರಲ್ಲಿ ಮೂರ್ತಿ ವಿಸರ್ಜನೆಗೆ ಸೂಚನೆಗಳನ್ನು ಹೊರಡಿಸಿ, ೨೦೨೦ರಲ್ಲಿ ಅವನ್ನು ಇನ್ನೂ ಬಿಗಿಗೊಳಿಸಿತು. ನಮ್ಮ ರಾಜ್ಯದ ಮಂಡಳಿ ೨೦೧೬ರ ಜುಲೈ ತಿಂಗಳಲ್ಲಿ ಪ್ಲಾಸ್ಟರ್ ಮೂರ್ತಿಗಳನ್ನೂ ರಾಸಾಯನಿಕ ಬಣ್ಣದ ಮೂರ್ತಿಗಳನ್ನೂ ಕೆರೆ, ಹೊಳೆ, ಬಾವಿಗಳಲ್ಲಿ ಬಿಡಬಾರದೆಂದು ಆಜ್ಞೆ ಮಾಡಿತು. ಆಜ್ಞೆ ನ್ಯಾಯವಾದದ್ದೇ. ಆದರೆ ಸಾಲ ಮಾಡಿ ದೊಡ್ಡ ದೊಡ್ಡ ಅಚ್ಚು ಮಾಡಿಸಿದ ಮನೆಯವರಿಗೆ ಅದು ಕಷ್ಟವನ್ನು ತರುತ್ತದೆ. ಲಂಡನ್ನಿನಲ್ಲಿ ಜನರ ರುಚಿ ಬದಲಾಗಿ ಆದದ್ದು ಇಲ್ಲಿ ಕಾಯಿದೆ ಬದಲಾಗಿ ಆಗುತ್ತದೆ. ಮಣ್ಣಿಗೆ ಹಿಂತಿರುಗೋಣವೆಂದರೆ ಮಣ್ಣೇ ಸಿಗದು. ಬೆಂಗಳೂರಿನ ಸುತ್ತಲಿನ ಅನೇಕ ಕೆರೆಗಳು ಬಡಾವಣೆಗಳಾಗಿವೆ, ಉಳಿದವುಗಳಲ್ಲಿ ಕೊಳೆ ತುಂಬಿದೆ. ಹಾಗಾದರೆ ಈ ಮನೆತನಗಳ ಗತಿಯೇನು? ನಮ್ಮೂರಿನ ಕುಂಬಾರರ ಹುಡುಗ ಪಟ್ಟಣಕ್ಕೆ ಹೋಗಿ ಯಾರದೋ ಶೆಡ್ಡಿನಲ್ಲಿ ದಿನಗೂಲಿಗೆ ಪುಡಿ ಕಲಸಬೇಕೆ?

ಹಾಗೆ ಆಗಬೇಕಾಗಿಲ್ಲ. ಉಪಾಯ ಪ್ಲಾಸ್ಟರಿನಲ್ಲಿಯೇ ಇದೆ. ಪ್ಲಾಸ್ಟರ್ ಮೂರ್ತಿಗೆ ತಕ್ಕದ್ದಲ್ಲದಿದ್ದರೂ ಅಚ್ಚಿಗೆ ಬಹು ತಕ್ಕದ್ದು. ಒಣಗಿದ ಪ್ಲಾಸ್ಟರ್ ಅಚ್ಚಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಹಸಿ ಜೇಡಿಮಣ್ಣನ್ನು ಅದರೊಳಗೆ ಒತ್ತಿದರೆ ಅಚ್ಚು ಮಣ್ಣಿನ ನೀರನ್ನು ಹೀರಿಕೊಳ್ಳುತ್ತದೆ. ಮಣ್ಣು ಸ್ವಲ್ಪ ಕುಗ್ಗಿ ತಾನೇ ಅಚ್ಚಿನಿಂದ ಬಿಟ್ಟುಕೊಳ್ಳುತ್ತದೆ. ರಬ್ಬರಿನ ಅಚ್ಚಿಗೆ ಈ ಗುಣವಿಲ್ಲ. ಹೀಗೆ ಪ್ಲಾಸ್ಟರ್ ಅಚ್ಚಾಗಿ ಮನೆಯಲ್ಲಿ ಉಳಿಯಲಿ, ಮಣ್ಣು ಮೂರ್ತಿಯಾಗಿ ನೀರಿಗೆ ಹೋಗಲಿ. ಎರಕದವರು ಕಲಿತ ವಿದ್ಯೆಯೂ ಹಾಳಾಗುವುದಿಲ್ಲ, ಕುಂಬಾರರ ಕೈಗೂ ವೇಗ ಬರುತ್ತದೆ.

ಮಾಡುವ ಕ್ರಮವನ್ನು ಹೇಳುತ್ತೇನೆ. ಕುಂಬಾರರು ಬಲ್ಲ ಭಾಗವೂ ಇದರಲ್ಲಿದೆ, ಯುವಕ ಮಂಡಲದವರಿಗಾಗಿ ಪೂರ್ತಿ ಹೇಳುವೆ.

ಒಂದು, ಬೇಸಿಗೆಯಲ್ಲಿ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು ಕೆರೆಯ ಜೇಡಿಮಣ್ಣು ತಂದು ಒಣಗಿಸಿ, ಪುಡಿಮಾಡಿ, ನೆನೆಹಾಕಿ, ಕಲ್ಲು ಬೇರು ಹೋಗುವಂತೆ ಸೋಸಿಡಬೇಕು. ಹದಕ್ಕೆ ಬಂದ ಮಣ್ಣನ್ನು ಚೆನ್ನಾಗಿ ತುಳಿದು ಗಾಳಿ ತೆಗೆಯಬೇಕು. ಬಿರುಕು ಬಿಡುವ ಅಂಟುಮಣ್ಣಾದರೆ ನುಣುಪು ಮರಳನ್ನಾಗಲಿ ನೆನೆಸಿ ರುಬ್ಬಿದ ಕಾಗದವನ್ನಾಗಲಿ ಸ್ವಲ್ಪ ಸೇರಿಸಬಹುದು.

ಎರಡು, ಅಚ್ಚು ಮಾಡುವಾಗ ನೀರಿಗೆ ಪುಡಿಯನ್ನು ಉದುರಿಸಬೇಕೇ ಹೊರತು ಪುಡಿಗೆ ನೀರನ್ನು ಸುರಿಯಬಾರದು. ಸುರಿದರೆ ಗಂಟುಕಟ್ಟುತ್ತದೆ. ಮೂಲ ಬೊಂಬೆಗೆ ಸಾಬೂನಿನ ನೀರು ಸವರಿದರೆ ಅಚ್ಚು ಸುಲಭವಾಗಿ ಬಿಡುತ್ತದೆ. ಅಚ್ಚನ್ನು ಹಿಂದೆ ಮುಂದೆ ಎರಡು ಭಾಗವಾಗಿ ಮಾಡಿ, ಪೂರ್ತಿ ಒಣಗಿದ ಮೇಲೆಯೇ ಬಳಸಬೇಕು. ಪುಡಿಯ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿರಿ. ಉಳಿದ ಕಲಸನ್ನು ಚರಂಡಿಗೆ ಸುರಿಯಬೇಡಿರಿ, ಅಲ್ಲಿಯೇ ಕಲ್ಲಾಗುತ್ತದೆ.

ಮೂರು, ಮಣ್ಣನ್ನು ಎಲ್ಲ ಕಡೆಯೂ ಒಂದೇ ದಪ್ಪಕ್ಕೆ, ಬೆರಳಿನಷ್ಟು, ಒತ್ತಬೇಕು. ದಪ್ಪ ತೆಳು ಆದರೆ ಒಂದು ಕಡೆ ಬೇಗ ಒಣಗಿ ಇನ್ನೊಂದು ಕಡೆ ಎಳೆದು ಸೀಳುತ್ತದೆ. ಒಳಗೆ ಪೊಳ್ಳಿರಲಿ, ತಳದಲ್ಲಿ ಒಂದು ತೂತಿರಲಿ. ನೆರಳಿನಲ್ಲಿ ನಿಧಾನವಾಗಿ ಒಣಗಲಿ. ನೀರಿಗೆ ಬಿಡುವ ಮೂರ್ತಿಯನ್ನು ಸುಡಬಾರದು. ಸುಟ್ಟರೆ ಅದು ಮಡಕೆಯಂತೆ, ಕರಗುವುದಿಲ್ಲ.

ನಾಲ್ಕು, ಬಣ್ಣಕ್ಕೆ ಸುಣ್ಣ, ಕೆಮ್ಮಣ್ಣು, ಅರಿಶಿನ, ಮಸಿ ಸಾಕು. ಅರಿಶಿನವನ್ನು ಸುಣ್ಣದ ಮೇಲೆ ಹಚ್ಚಿದರೆ ಕೆಂಪಾಗುವುದೆಂಬುದು ನಮ್ಮ ತಾಯಂದಿರಿಗೆ ತಿಳಿದೇ ಇದೆ. ಹಳದಿ ಬೇಕಾದಲ್ಲಿ ಸುಣ್ಣ ಬಳಿಯಬೇಡಿರಿ.

ಪ್ಲಾಸ್ಟರನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ನವರಾತ್ರಿಯ ಬೊಂಬೆ, ಗೂಡಿನ ಅಲಂಕಾರದ ಹಕ್ಕಿ, ಶಾಲೆಗೆ ಬೇಕಾದ ಗಾಂಧೀಜಿಯ ಪ್ರತಿಮೆ, ಪಾಠಕ್ಕೆ ಬೇಕಾದ ಭೂಗೋಲ, ಹೃದಯದ ಮಾದರಿ, ಇವೆಲ್ಲ ವರ್ಷಗಟ್ಟಲೆ ಉಳಿಯಬೇಕಾದವು. ಇವಕ್ಕೆ ಪ್ಲಾಸ್ಟರ್ ಒಳ್ಳೆಯದೇ. ಹಬ್ಬದ ಎರಡು ತಿಂಗಳಿಗೆ ಮಣ್ಣು, ಉಳಿದ ತಿಂಗಳಿಗೆ ಇಂಥ ಬೊಂಬೆ ಎಂದು ಹಂಚಿಕೊಂಡರೆ ಮನೆಗೆ ವರ್ಷಪೂರ್ತಿ ಕೆಲಸ. ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ. ಹಾಲೆಮರದ ಆಟಿಕೆಗೆ ಅರಗಿನ ಬಣ್ಣ ಕೊಟ್ಟು ಅಲ್ಲಿನ ಮನೆತನಗಳು ಊರಿನ ಹೆಸರನ್ನೇ ಸರಕಿನ ಗುರುತು ಮಾಡಿದ್ದಾರೆ. ಇಂದು ಆ ಹೆಸರಿಗೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆಯೂ ಇದೆ. ಒಂದು ಊರು ಒಂದು ಮರವನ್ನು ನೆಚ್ಚಿ ಅಷ್ಟು ಮಾಡಿದೆ. ನಮ್ಮ ಊರು ತನ್ನ ಕೆರೆಯ ಮಣ್ಣನ್ನು ನೆಚ್ಚಬಾರದೇಕೆ?

ಹಣದ ಸಹಾಯಕ್ಕೆ ದಾರಿಯುಂಟು. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರರೂ ಬೊಂಬೆ ಆಟಿಕೆ ಮಾಡುವವರೂ ಸೇರಿದ್ದಾರೆ. ತರಬೇತಿಯ ಕಾಲದಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯ, ಸಲಕರಣೆಗೆ ೧೫,೦೦೦ ರೂಪಾಯಿವರೆಗೆ ನೆರವು, ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಶೇಕಡ ೫ರ ಬಡ್ಡಿಯ ಸಾಲ, ಇವು ಯೋಜನೆಯಲ್ಲಿವೆ. ಕುಟುಂಬಕ್ಕೆ ಒಬ್ಬರು ಅರ್ಹರು. ಅರ್ಜಿಯ ವಿಷಯವನ್ನು ಪಂಚಾಯಿತಿಯಲ್ಲಿ ವಿಚಾರಿಸಿರಿ. ಖಾನಾಪುರದಲ್ಲಿರುವ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಈ ಕಸುಬಿನವರಿಗೆ ತಿಳಿದಿರಬೇಕಾದ ಜಾಗ.

ಕಸುಬಿನವರ ಮಾತಾಯಿತು. ಇನ್ನು ರೈತರಾದ ತಾವು ಮಾಡತಕ್ಕದ್ದು ಮೂರೇ. ಮೊದಲನೆಯದು, ಮಣ್ಣು. ಕೆರೆಯ ಗೋಡು ಎತ್ತುವಾಗ ಒಂದು ಮೂಲೆಯ ಒಳ್ಳೆಯ ಜೇಡಿಯನ್ನು ಕುಂಬಾರರಿಗೆಂದು ಬಿಟ್ಟುಕೊಡಿರಿ, ಪಂಚಾಯಿತಿಯಲ್ಲಿ ಅದನ್ನು ಠರಾವು ಮಾಡಿಸಿರಿ. ಎರಡನೆಯದು, ಮುಂಗಡ. ಹಬ್ಬದ ಹಿಂದಿನ ದಿನ ಚೌಕಾಸಿ ಮಾಡುವ ಬದಲು ಯುಗಾದಿಯ ಹೊತ್ತಿಗೇ ಊರಿನ ಮೂರ್ತಿಗೆ ಸ್ವಲ್ಪ ಮುಂಗಡ ಕೊಟ್ಟು ಹೇಳಿಡಿರಿ. ಮಳೆ ಬೀಳುವ ಮೊದಲೇ ಮೂರ್ತಿ ಒಣಗುತ್ತದೆ, ಕಸುಬಿನವನು ಬಡ್ಡಿಸಾಲಕ್ಕೆ ಹೋಗುವುದು ತಪ್ಪುತ್ತದೆ. ಮೂರನೆಯದು, ವಿಸರ್ಜನೆ. ಮನೆಯ ಮೂರ್ತಿಯನ್ನು ಬಕೆಟ್ಟಿನಲ್ಲಿ ಬಿಟ್ಟು, ಕರಗಿದ ನೀರನ್ನು ತೆಂಗಿನ ಬುಡಕ್ಕೆ ಹಾಕಿರಿ. ಊರಿನ ಮೂರ್ತಿಗೆ ಕೆರೆಯ ಹೊರಗೆ ಒಂದು ತೊಟ್ಟಿ ಕಟ್ಟಿರಿ. ಹೂವು, ಬಟ್ಟೆ, ಹಾರಗಳನ್ನು ಮೊದಲೇ ತೆಗೆಯಿರಿ. ಹೂವು ಗೊಬ್ಬರದ ಗುಂಡಿಗೆ ಆಗುತ್ತದೆ.

ಈಗಾಗಲೇ ಪ್ಲಾಸ್ಟರ್ ಮೂರ್ತಿ ತಂದಿಟ್ಟಿದ್ದರೆ ಏನು ಮಾಡುವುದೆಂದು ಕೇಳುವವರಿದ್ದಾರೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಅದಕ್ಕೆ ಒಂದು ವಿಧಾನ ಕಂಡುಹಿಡಿದಿದ್ದಾರೆ. ಅಮೋನಿಯಂ ಬೈಕಾರ್ಬನೇಟ್ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮೂರ್ತಿಯನ್ನು ಇಟ್ಟರೆ ಪ್ಲಾಸ್ಟರ್ ಒಡೆದು, ತಳದಲ್ಲಿ ಸುಣ್ಣಕಲ್ಲಿನ ಗಷ್ಟೂ ನೀರಿನಲ್ಲಿ ಅಮೋನಿಯಂ ಸಲ್ಫೇಟೂ ಆಗುತ್ತವೆ. ಅಮೋನಿಯಂ ಸಲ್ಫೇಟ್ ತಾವು ಬಲ್ಲ ಗೊಬ್ಬರವೇ. ಆದರೂ ಬಣ್ಣದ ವಿಷ ಅದರಲ್ಲಿ ಸೇರಿರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ಆ ನೀರನ್ನು ಬೆಳೆಗೆ ಹಾಕಬಾರದು. ಮೂರ್ತಿ ಕೆರೆಗೆ ಹೋಗುವುದು ತಪ್ಪಿತಲ್ಲ, ಅದೇ ಲಾಭ.

ಬಾಂಧವರೇ, ಉಳಿಯಬೇಕಾದ ಬೊಂಬೆಗೆ ಪ್ಲಾಸ್ಟರ್, ಕರಗಬೇಕಾದ ಮೂರ್ತಿಗೆ ಮಣ್ಣು. ಇಷ್ಟನ್ನು ಊರಿನವರೆಲ್ಲ ನೆನಪಿಟ್ಟರೆ ಕೆರೆಯೂ ಚೆನ್ನಾಗಿರುತ್ತದೆ, ಕೆರೆಯ ಮಣ್ಣಿನಿಂದ ಬದುಕುವ ಮನೆಯೂ ಉಳಿಯುತ್ತದೆ. ಬರುವ ಬೇಸಿಗೆಯಲ್ಲಿ ಗೋಡು ಎತ್ತುವ ದಿನ ಕುಂಬಾರರನ್ನು ಕರೆಯಿರಿ, ನನ್ನನ್ನೂ ಕರೆಯಿರಿ. ಜೇಡಿ ಇರುವ ಮೂಲೆಯನ್ನು ಎಲ್ಲರೂ ಕೂಡಿ ಗುರುತುಮಾಡೋಣ.